ಬೀದಿಯ ಕಡೆಗೆ ತಿರುಗಿದ ಹೊಗೆ

ನರ್ಸಮ್ಮ ಇನ್ನಿಲ್ಲ ಎಂಬ ಸುದ್ದಿ ಅಂಗಡಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ತಂದವಳು ಹೂ ಮಾರುವ ಚಿಕ್ಕತಾಯಮ್ಮ. ಬುಟ್ಟಿಯನ್ನು ಮೆಟ್ಟಿಲ ಮೇಲಿಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

“ಅಣ್ಣೋ, ನರ್ಸಮ್ಮೋರು ಹೋಗ್ಬುಟ್ರು ಕನಣ್ಣೋ. ಹೂ ಕೊಡಾಕೆ ಅಂತ ಹೋದ್ರೆ ಬಾಗ್ಲಲ್ಲೆಲ್ಲ ಜನ ನಿಂತವ್ರೆ.”

ಅಂಗಡಿಯ ಯಜಮಾನ ನಾಗಭೂಷಣ ಆಗತಾನೇ ಬೆಂಕಿಕಡ್ಡಿ ಗೀರಿದ್ದ. ಬೆಂಕಿ ಅವನ ಬೆರಳಿನವರೆಗೆ ಬಂತು, ಬೆರಳು ಸುಟ್ಟ ಮೇಲೆ ಕಡ್ಡಿ ಕೆಳಗೆ ಬಿತ್ತು. ಆ ದಿನ ಬೆಳಿಗ್ಗೆ ಅಂಗಡಿಯಲ್ಲಿ ನನ್ನ ಮೇಲೆ ಗಂಧದಕಡ್ಡಿ ಹತ್ತಲಿಲ್ಲ. ಮೂವತ್ತಾರು ವರ್ಷಗಳಲ್ಲಿ ಹಾಗಾದದ್ದು ಅದು ಎರಡನೆಯ ಸಲ. ಮೊದಲನೆಯದು ನಾಗಭೂಷಣನ ತಂದೆ ತೀರಿಕೊಂಡ ದಿನ.

ನಾನು ಒಂದು ಹಿತ್ತಾಳೆಯ ಗಂಧದಕಡ್ಡಿ ಸ್ಟ್ಯಾಂಡು. ಆಮೆಯ ಆಕಾರ, ಬೆನ್ನಿನ ಮೇಲೊಂದು ಕಮಲ, ಕಮಲದಲ್ಲಿ ಐದು ತೂತು. ಬಾಯಿಲ್ಲ. ಬಾಯಿಲ್ಲದವರಿಗೆ ಪಾಪವೂ ಇಲ್ಲ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಆ ಸಮಾಧಾನ ಉಳಿದಿಲ್ಲ. ನನ್ನ ಕಥೆಯನ್ನು ತಲೆತಗ್ಗಿಸಿಯೇ ಹೇಳಬೇಕಾಗಿದೆ.

ನಾನು ಹುಟ್ಟಿದ್ದು ನಾಗಮಂಗಲದ ಒಂದು ಎರಕದ ಮನೆಯಲ್ಲಿ. ಮೊದಲು ಮೇಣದಲ್ಲಿ ನನ್ನ ರೂಪವನ್ನು ಮಾಡಿದರು. ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ, ಮೇಣವನ್ನು ಹರಿಸಿ, ಅದು ಬಿಟ್ಟುಹೋದ ಜಾಗಕ್ಕೆ ಕರಗಿದ ಹಿತ್ತಾಳೆಯನ್ನು ಸುರಿದರು. ಮಣ್ಣು ಒಡೆದು ನನ್ನನ್ನು ಹೊರತೆಗೆದ ಮುದುಕ ಆಚಾರಿ ಅರದಿಂದ ನನ್ನ ಅಂಚುಗಳನ್ನು ಉಜ್ಜಿ, ಕಣ್ಣಿಗೆ ಒತ್ತಿಕೊಂಡು, “ಹೋಗು, ದೇವ್ರ ಮುಂದೆ ಕೂತ್ಕೊ” ಎಂದ. ನನಗೆ ಸಿಕ್ಕ ಮೊದಲ ಮಾತು ಅದು. ಅದನ್ನು ನಾನು ಉಳಿಸಿಕೊಳ್ಳಲಿಲ್ಲ.

ನನ್ನನ್ನು ಕೊಂಡವರು ನಾಗಭೂಷಣನ ತಂದೆ ಗುರುಮಲ್ಲಪ್ಪನವರು. ಮೈಸೂರಿನ ಮಂಡಿ ಮೊಹಲ್ಲಾದ ಒಂದು ಅಡ್ಡರಸ್ತೆಯಲ್ಲಿ ಅವರು ಗಂಧದಕಡ್ಡಿಯ ಅಂಗಡಿ ತೆರೆದರು. ಮುಂದೆ ಅಂಗಡಿ, ಹಿಂದೆ ಹೊಸೆಯುವ ಕೋಣೆ. ಗಂಧದ ಪುಡಿ, ಹಾಲ್ಮಡ್ಡಿ ಮರದ ಅಂಟು, ಜೇನುತುಪ್ಪ ಕಲಸಿದ ಹಿಟ್ಟನ್ನು ನಾಲ್ಕು ಜನ ಹೆಂಗಸರು ಮಣೆಯ ಮೇಲೆ ಬಿದಿರುಕಡ್ಡಿಗೆ ಹೊಸೆಯುತ್ತಿದ್ದರು. ಗುರುಮಲ್ಲಪ್ಪನವರಿಗೆ ಒಂದು ಪದ್ಧತಿ ಇತ್ತು. ಆ ದಿನ ಮಾರಬೇಕಾದ ಕಟ್ಟಿನಿಂದಲೇ ಒಂದು ಕಡ್ಡಿ ಎಳೆದು, ನನ್ನ ಮೇಲೆ ಚುಚ್ಚಿ, ಮಲೆ ಮಹದೇಶ್ವರನ ಪಟದ ಮುಂದೆ ಹಚ್ಚುತ್ತಿದ್ದರು. ಅದು ಬೂದಿಯಾಗುವವರೆಗೆ ಸುಮ್ಮನೆ ನಿಲ್ಲುತ್ತಿದ್ದರು. ಕಡ್ಡಿ ನಡುವೆ ಆರಿದರೆ, ಅಥವಾ ಹೊಗೆ ಗಂಟಲಿಗೆ ಹಿಡಿದರೆ, ಆ ಕಟ್ಟು ಹಿಂದಿನ ಕೋಣೆಗೆ ವಾಪಸು ಹೋಗುತ್ತಿತ್ತು.

“ಸ್ವಾಮಿ ಪಾಸು ಮಾಡ್ಲಿ. ಆಮೇಲೆ ಗಿರಾಕಿ” ಎನ್ನುತ್ತಿದ್ದರು.

ಅವರ ಅಂಗಡಿಗೆ ಹೆಸರಿನ ಹಲಗೆ ಇರಲಿಲ್ಲ. ಕಾಗದದ ಕಟ್ಟಿನ ಮೇಲೆ ಒಂದು ನೀಲಿ ಮುದ್ರೆ ಒತ್ತುತ್ತಿದ್ದರು. ಅದೂ ಅರ್ಧ ಮೂಡುತ್ತಿತ್ತು, ಅರ್ಧ ಅಳಿಸಿರುತ್ತಿತ್ತು.

ಆ ಕಾಲದಿಂದಲೇ ಬರುತ್ತಿದ್ದವರು ಕಾತ್ಯಾಯಿನಮ್ಮ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿರಲಿಲ್ಲ. ಊರಿಗೆಲ್ಲ ನರ್ಸಮ್ಮ. ಮೊದಲ ದಿನ ಬಂದಾಗ ನನ್ನ ಮುಂದೆ ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು. “ದಿನಾ ಫಿನಾಯಿಲ್ ಮೂಸಿ ಮೂಸಿ ಮೂಗೇ ಸತ್ತೋಗಿದೆ ಗುರುಮಲ್ಲಪ್ಪನೋರೇ. ಮನೆಗೆ ಹೋಗಿ ಇದನ್ನ ಹಚ್ಚಿದ್ರೆ ನಾನೂ ಮನುಷ್ಯಳು ಅನ್ಸತ್ತೆ” ಎಂದರು. ನಾಗಭೂಷಣ ಹುಟ್ಟಿದಾಗ ಅವನನ್ನು ಮೊದಲು ಎತ್ತಿಕೊಂಡ ಕೈಗಳೂ ಅವರವೇ. ಅವನು ದೊಡ್ಡವನಾದ ಮೇಲೂ ಅದನ್ನು ಹೇಳಿ ಕಾಡುತ್ತಿದ್ದರು. “ಹುಟ್ಟಿದಾಗ ನೀನು ಅಳ್ಲೇ ಇಲ್ಲ ಕಣೋ. ಬೆನ್ನಿಗೆ ಎರಡು ಬಿಟ್ಟೆ ನೋಡು, ಆಸ್ಪತ್ರೆಯೆಲ್ಲ ಎದ್ದು ಕೂತಿತು.”

ಗುರುಮಲ್ಲಪ್ಪನವರು ತೀರಿಕೊಂಡ ಮೇಲೆ ಅಂಗಡಿ ನಾಗಭೂಷಣನ ಕೈಗೆ ಬಂತು. ಅವನು ಕೆಟ್ಟವನಲ್ಲ. ಇದನ್ನು ನಾನು ಮೊದಲೇ ಹೇಳಬೇಕು. ಬೀದಿಯ ಎರಡು ಕಡೆಯೂ ದೊಡ್ಡ ಕಂಪನಿಗಳ ಬಣ್ಣದ ಡಬ್ಬಗಳು ಬಂದಿದ್ದವು. ನಮ್ಮ ಕಾಗದದ ಕಟ್ಟನ್ನು ಜನ ತಿರುಗಿಯೂ ನೋಡುತ್ತಿರಲಿಲ್ಲ. ಆಗ ಸಣ್ಣ ವ್ಯಾಪಾರಿಗಳಿಗೆ ಒಂದು ದಿನದ ತರಬೇತಿ ಇದೆ ಎಂದು ಯಾರೋ ಹೇಳಿದರು. ಅವನು ಹೋಗಿಬಂದ. ಅಲ್ಲಿ ತರಬೇತಿ ಕೊಟ್ಟ ಮೇಡಂ ಹೇಳಿದ ಐದು ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು, ನನ್ನ ಪಕ್ಕದ ಗೋಡೆಗೆ ಅಂಟಿಸಿ, ಹೆಂಡತಿ ದಾಕ್ಷಾಯಿಣಿಗೆ ಓದಿ ಹೇಳಿದ.

ನೆನಪಿನಲ್ಲಿ ಉಳಿಯುವ ಒಂದು ಹೆಸರಿಡಿ. ಒಂದೇ ಬಣ್ಣವನ್ನು ಬಿಡದೆ ಬಳಸಿ, ದೂರದಿಂದಲೇ ಗುರುತು ಸಿಗಲಿ. ಗಿರಾಕಿ ಕೊಳ್ಳುವ ಮೊದಲು ಅನುಭವಿಸಲಿ. ಸಂತೋಷಪಟ್ಟ ಗಿರಾಕಿಯ ಮುಖವೇ ನಿಮ್ಮ ಜಾಹೀರಾತು. ಐದನೆಯದು, ತೋರಿಸಿದ್ದನ್ನೇ ಕೊಡಿ, ಪ್ರತಿ ಸಲವೂ ಕೊಡಿ.

ಒಳ್ಳೆಯ ಮಾತುಗಳೇ. ನನಗೂ ಹಿಡಿಸಿದವು. ಅಂಗಡಿಗೆ ‘ಮಲ್ಲಪರಿಮಳ’ ಎಂದು ಹೆಸರು ಬಂತು. ನೇರಳೆ ಬಣ್ಣದ ಡಬ್ಬ ಬಂತು. ತಂದೆಯ ಪದ್ಧತಿಯ ನಾಲ್ಕು ಸಾಲಿನ ಕಥೆ ಡಬ್ಬದ ಹಿಂದೆ ಬಂತು. ನಾಗಭೂಷಣ ಬಂದ ಗಿರಾಕಿಗಳ ಹೆಸರು ಕೇಳಿ ನೆನಪಿಟ್ಟುಕೊಂಡು ಮಾತನಾಡಿಸತೊಡಗಿದ. ಜನ ನಿಂತರು, ಕೊಂಡರು, ಮತ್ತೆ ಬಂದರು. ಒಂದು ವರ್ಷ ಎಲ್ಲವೂ ನ್ಯಾಯವಾಗಿಯೇ ನಡೆಯಿತು.

ಮೂರನೆಯ ಮಾತಿಗಾಗಿ ನನ್ನನ್ನು ಪಟದ ಮುಂದಿನಿಂದ ಎತ್ತಿ ಬಾಗಿಲ ಬಳಿಯ ಮೇಜಿನ ಮೇಲಿಟ್ಟರು. ಹಿಂದೆ ಒಂದು ಚಿಕ್ಕ ಫ್ಯಾನು. ನನ್ನ ಹೊಗೆ ಬೀದಿಗೆ ಹೋಗಿ, ನಡೆದುಹೋಗುವವರ ಮೂಗನ್ನು ಹಿಡಿದು ಒಳಗೆ ಕರೆತರುತ್ತಿತ್ತು. ಅದರಲ್ಲಿ ನನಗೆ ಹೆಮ್ಮೆಯೂ ಇತ್ತು. ನಾಚಿಕೆಯ ಕಥೆಗಳಲ್ಲಿ ಮೊದಲು ಬರುವುದು ಹೆಮ್ಮೆಯೇ.

ಆಮೇಲೆ ಬೇಡಿಕೆ ಹೆಚ್ಚಿತು. ನಾಲ್ಕು ಜನರ ಕೈಹೊಸೆತ ಸಾಲದಾಯಿತು. ಹೊರಗಿನಿಂದ ಮೂಟೆಗಳಲ್ಲಿ ಕಪ್ಪು ಸಪ್ಪೆ ಕಡ್ಡಿಗಳು ಬಂದವು. ಅವನ್ನು ಸೆಂಟಿನ ಎಣ್ಣೆಯಲ್ಲಿ ಅದ್ದಿ, ಒಣಗಿಸಿ, ನೇರಳೆ ಡಬ್ಬಕ್ಕೆ ತುಂಬಿದರು. “ಹಬ್ಬದ ಆರ್ಡರು ಮುಗಿಯೋವರೆಗೆ ಮಾತ್ರ” ಎಂದ ನಾಗಭೂಷಣ. ಹಬ್ಬ ಮುಗಿಯಿತು. ಮೂಟೆಗಳು ಬರುತ್ತಲೇ ಇದ್ದವು. ಹೊಸೆಯುವ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕೆಲಸಕ್ಕೆ ಹೋದರು. ತುಂಬಿದ ಡಬ್ಬಗಳನ್ನು ಗೋಡೆಗೆ ಒತ್ತಿ ಒಂದರ ಮೇಲೊಂದು ಜೋಡಿಸಿದರು. ಆ ಸಾಲು ಬೆಳೆದು, ಗೋಡೆಯ ಕಾಗದದ ಐದನೆಯ ಮಾತನ್ನು ಮುಚ್ಚಿತು. ಉಳಿದ ನಾಲ್ಕು ಕಾಣುತ್ತಿದ್ದವು.

ನನಗೆ ಮಾತ್ರ ಹಳೆಯ ಕಡ್ಡಿಯೇ. ತಿಂಗಳಿಗೊಂದು ಕಟ್ಟನ್ನು ದಾಕ್ಷಾಯಿಣಿ ಮಾವನ ಲೆಕ್ಕದಂತೆಯೇ ಕಲಸಿ ಹೊಸೆದು ಕೊಡುತ್ತಿದ್ದಳು. ಒಂದು ದಿನ ಆಕೆ ಕೇಳಿಯೇಬಿಟ್ಟಳು.

“ಬಾಗಿಲಿಗೊಂದು ಡಬ್ಬಕ್ಕೊಂದು ಮಾಡ್ಕೊಂಡಿದ್ದೀರಲ್ಲ, ಇದು ಸರೀನಾ?”

“ಅದು ದೇವರಿಗೆ ಹಚ್ಚೋದು ಕಣೆ. ದೇವರಿಗೆ ಒಳ್ಳೇದು ಹಚ್ಚಿದ್ರೆ ತಪ್ಪಾ?”

“ದೇವರಿಗೆ ಅಂದ್ಮೇಲೆ ಫ್ಯಾನು ಯಾಕೆ ಬೀದಿ ಕಡೆ ತಿರುಗ್ಸಿದ್ದೀರಾ? ಸ್ವಾಮಿ ಏನು ಆಟೋ ಸ್ಟ್ಯಾಂಡಲ್ಲಿ ನಿಂತಿದ್ದಾನಾ?”

ನಾಗಭೂಷಣ ನಕ್ಕ. ಆಕೆ ನಗಲಿಲ್ಲ.

ಅಷ್ಟರಲ್ಲಿ ನರ್ಸಮ್ಮ ನಿವೃತ್ತರಾಗಿದ್ದರು. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು, ನನ್ನ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ದಿನ ನಾಗಭೂಷಣ ಮೊಬೈಲಿನಲ್ಲಿ ಅವರ ಪಟ ತೆಗೆದ. ಬಿಳಿ ಕೂದಲು, ಮುಚ್ಚಿದ ಕಣ್ಣು, ಮುಖದ ಮುಂದೆ ನನ್ನ ಹೊಗೆ. ಅದನ್ನೇ ಡಬ್ಬದ ಮೇಲೆ ಹಾಕಿಸಿದ. ‘ಮೂವತ್ತು ವರ್ಷಗಳ ನಂಬಿಕೆ’ ಎಂದು ಕೆಳಗೆ ಬರೆಸಿದ. ನರ್ಸಮ್ಮನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. “ಮುದುಕೀನ ಹಾಕಿದ್ದೀಯಲ್ಲೋ, ಇದ್ದ ವ್ಯಾಪಾರಾನೂ ಹೋಗತ್ತೆ” ಎಂದರು. ಆದರೂ ಎರಡು ಡಬ್ಬ ಹೆಚ್ಚಿಗೆ ಕೊಂಡು ಆಸ್ಪತ್ರೆಯ ಗೆಳತಿಯರಿಗೆ ಕೊಟ್ಟರು.

ಕೆಲವು ತಿಂಗಳಾದ ಮೇಲೆ ಅವರು ಒಂದು ಮಾತು ಹೇಳಿದರು.

“ಭೂಷಣ, ಇಲ್ಲಿ ಬರೋ ಪರಿಮಳ ನಮ್ಮನೇಲಿ ಬರ್ತಿಲ್ಲ ಕಣಪ್ಪ. ನಿನ್ನದೇ ಡಬ್ಬ. ಆದ್ರೂ ಹಚ್ಚಿದ್ರೆ ಗಂಟಲು ಕೆರೆಯತ್ತೆ.”

ನಾಗಭೂಷಣ ಮೇಜಿನ ಮೇಲಿದ್ದ ಧೂಳನ್ನು ಒರೆಸಿದ. ಅವರೇ ಮುಂದುವರಿಸಿದರು. “ದೇವರ ಗೂಡು ಆಚೆ ಗೋಡೆಗೆ ಬದಲಾಯಿಸಿದೆ. ಶುಕ್ರವಾರ ಒಪ್ಪತ್ತು ಮಾಡ್ತಿದೀನಿ. ಏನು ಮಾಡಿದ್ರೂ ಅಷ್ಟೇ. ನಾನು ಹಚ್ಚಿದ್ದು ಅವನಿಗೆ ಮುಟ್ತಿಲ್ವೇನೋ.”

ಕಡ್ಡಿಯ ಮೇಲೆ ಅವರಿಗೆ ಅನುಮಾನ ಬರಲಿಲ್ಲ. ಗುರುಮಲ್ಲಪ್ಪನವರ ಮನೆಯ ಕಡ್ಡಿ ಸುಳ್ಳಾಗಬಹುದು ಎಂಬ ಯೋಚನೆಯೇ ಅವರಲ್ಲಿ ಇರಲಿಲ್ಲ. ನಾನು ಅವರ ಮುಖದ ಮುಂದೆಯೇ ಅಪ್ಪಟ ಗಂಧದ ಹೊಗೆ ಬಿಡುತ್ತಿದ್ದೆ. ಇಲ್ಲಿ ಪರಿಮಳ, ಮನೆಯಲ್ಲಿ ಇಲ್ಲ ಎಂದ ಮೇಲೆ, ತಪ್ಪು ತನ್ನದೇ ಎಂದು ಅವರಿಗೆ ದಿನಾ ಬೆಳಿಗ್ಗೆ ಸಾಕ್ಷಿ ಹೇಳುತ್ತಿದ್ದವನು ನಾನು.

ಈಗ ಹೇಳುವುದು ಎಲ್ಲಕ್ಕಿಂತ ಕಷ್ಟದ ಭಾಗ.

ಶ್ರಾವಣದ ಒಂದು ಬೆಳಿಗ್ಗೆ ದಾಕ್ಷಾಯಿಣಿ ತವರಿಗೆ ಹೋಗಿದ್ದಳು. ಅವಳು ಹೊಸೆದಿಟ್ಟ ಕಟ್ಟು ಮುಗಿದಿದ್ದುದನ್ನು ನಾಗಭೂಷಣ ಗಮನಿಸಿರಲಿಲ್ಲ. ಗಡಿಬಿಡಿಯಲ್ಲಿ ಡಬ್ಬದಿಂದಲೇ ಒಂದು ಕಡ್ಡಿ ತೆಗೆದು ನನ್ನ ಮೇಲೆ ಹಚ್ಚಿದ. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದರು. ಎಂದಿನಂತೆ ಬಗ್ಗಿ ಉಸಿರೆಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ಕಣ್ಣು ತೆರೆದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

“ಇವತ್ತು ಇಲ್ಲೂ ಬರ್ತಿಲ್ಲ, ಭೂಷಣ.”

ಸತ್ಯ ತಾನಾಗಿಯೇ ಬಾಗಿಲಿಗೆ ಬಂದು ನಿಂತಿತ್ತು. ಒಂದೇ ಮಾತು ಸಾಕಿತ್ತು. ‘ಅಮ್ಮ, ಇವತ್ತು ಡಬ್ಬದ ಕಡ್ಡಿ ಹಚ್ಚಿದ್ದೀನಿ’ ಎಂದಿದ್ದರೆ ಅವರಿಗೆ ಎಲ್ಲವೂ ತಿಳಿಯುತ್ತಿತ್ತು. ಬೈಯುತ್ತಿದ್ದರು, ಇನ್ನೆರಡು ಬಿಡುತ್ತಿದ್ದರು, ಮನೆಗೆ ಹೋಗಿ ನೆಮ್ಮದಿಯಾಗಿ ದೀಪ ಹಚ್ಚುತ್ತಿದ್ದರು. ಆದರೆ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನಾಗಭೂಷಣ ಅವರ ಕಡೆ ನೋಡಿದ.

“ನೆಗಡಿ ಇರಬೇಕು ಕಣಮ್ಮ” ಎಂದ.

“ನೆಗಡಿ ಇಲ್ಲಪ್ಪ” ಎಂದು ಅವರು ಮೆಲ್ಲಗೆ ಹೇಳಿ ಮೆಟ್ಟಿಲಿಳಿದರು. ಮತ್ತೆ ಬರಲಿಲ್ಲ.

ತವರಿನಿಂದ ಬಂದ ದಾಕ್ಷಾಯಿಣಿಗೆ ಅವನು ನಡೆದದ್ದನ್ನು ಹೇಳಿದ. ಆಕೆ, “ಇವತ್ತೇ ಹೋಗಿ ಹೇಳಿ ಬನ್ನಿ. ಆಯಮ್ಮ ಒಳಗೊಳಗೇ ಕೊರಗ್ತಾರೆ” ಎಂದಳು. “ಹೋಗ್ತೀನಿ. ಗೌರಿ ಹಬ್ಬ ಒಂದು ಕಳೀಲಿ” ಎಂದ. ಹಬ್ಬ ಕಳೆಯಿತು. “ಹೋದ್ರಾ?” “ನಾಳೆ.” ಆರು ವಾರ ಹೀಗೇ ಹೋಯಿತು. ಏಳನೆಯ ವಾರ ಚಿಕ್ಕತಾಯಮ್ಮ ಬುಟ್ಟಿ ಇಳಿಸಿದಳು.

ಸುಟ್ಟ ಬೆರಳಿನಲ್ಲೇ ನಾಗಭೂಷಣ ನನ್ನನ್ನು ಎತ್ತಿಕೊಂಡ. ದಾಕ್ಷಾಯಿಣಿ ಹೊಸೆದ ಕಟ್ಟನ್ನು ಜೊತೆಗೆ ತೆಗೆದುಕೊಂಡ. ನಡೆದೇ ಹೋದ. ನರ್ಸಮ್ಮನ ಮನೆ ಎರಡು ಬೀದಿಯ ಆಚೆ. ಇಷ್ಟು ಹತ್ತಿರವೇ ಎಂದು ನನಗೆ ಅಂದೇ ತಿಳಿದದ್ದು.

ನಡುಮನೆಯಲ್ಲಿ ಅವರನ್ನು ಮಲಗಿಸಿದ್ದರು. ತಲೆಯ ಬಳಿ ದೀಪ. ಪಕ್ಕದ ಲೋಟದ ಅಕ್ಕಿಯಲ್ಲಿ ನಮ್ಮ ಡಬ್ಬದ ಕಡ್ಡಿಗಳ ಗೊಂಚಲನ್ನೇ ಹಚ್ಚಿಟ್ಟಿದ್ದರು. ಬಂದವರು ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಕುಳಿತಿದ್ದರು. ಲೋಟದ ಹಿಂದೆ ನೇರಳೆ ಡಬ್ಬ, ಅದರ ಮೇಲೆ ಕಣ್ಣು ಮುಚ್ಚಿದ ನರ್ಸಮ್ಮ. ಅದರ ಮುಂದೆ ಕಣ್ಣು ಮುಚ್ಚಿದ ನರ್ಸಮ್ಮ. ಎರಡು ಮುಖಗಳ ನಡುವೆ ನಾಗಭೂಷಣ ನನ್ನನ್ನು ಇಟ್ಟ.

ಅವರ ಜೊತೆಗೇ ಇದ್ದ ತಂಗಿಯ ಮಗಳು ಇಂದುಮತಿ ನಾಗಭೂಷಣನನ್ನು ಗುರುತಿಸಿದಳು. “ದೊಡ್ಡಮ್ಮಂಗೆ ನಿಮ್ಮ ಕಡ್ಡಿ ಅಂದ್ರೆ ಪ್ರಾಣ. ಅದಕ್ಕೆ ಅದನ್ನೇ ಹಚ್ಚಿದೀವಿ. ಆದ್ರೆ ಒಂದೂವರೆ ತಿಂಗಳಿಂದ ಅವರು ಪೂಜೇನೇ ಬಿಟ್ಟಿದ್ರು. ಎಷ್ಟು ಕೇಳಿದ್ರೂ, ‘ನನ್ನ ಕೈ ಅವನಿಗೆ ಬೇಡವಾಗಿದೆ ಕಣೆ’ ಅನ್ನೋರು. ಎಷ್ಟು ಮಕ್ಕಳನ್ನ ಎತ್ತಿದ ಕೈ ನೋಡಿ ಅದು.”

ನಾಗಭೂಷಣ ಲೋಟದ ಕಡ್ಡಿಗಳನ್ನು ಒಂದೊಂದಾಗಿ ನಂದಿಸಿದ. ತಂದಿದ್ದ ಕಟ್ಟಿನಿಂದ ಒಂದು ಎಳೆದು ನನ್ನ ಮೇಲೆ ಚುಚ್ಚಿ ಹಚ್ಚಿದ. ಹಳೆಯ ಪರಿಮಳ ಮೆಲ್ಲಗೆ ಕೋಣೆಯನ್ನು ತುಂಬಿತು. ಕೆಮ್ಮು ನಿಂತಿತು.

“ಇದು ಬೇರೆ ಥರ ಇದೆಯಲ್ಲ. ಇದೂ ನಿಮ್ಮದೇನಾ?” ಎಂದು ಇಂದುಮತಿ ಕೇಳಿದಳು.

ಅವನು ನೆಲಕ್ಕೆ ಮಂಡಿಯೂರಿ, ತಣ್ಣಗಾದ ಆ ಕೈಯನ್ನು ಹಿಡಿದುಕೊಂಡು, ಮಲಗಿದ್ದವರಿಗೆ ಹೇಳಿದ. “ಅಮ್ಮ, ತಪ್ಪು ನಿಮ್ಮ ಕೈಯದಲ್ಲ. ಮೂಗಿಂದೂ ಅಲ್ಲ. ಡಬ್ಬದಲ್ಲಿ ನಾನು ಕೊಟ್ಟಿದ್ದು ಇದಲ್ಲ. ಬಾಗಿಲಲ್ಲಿ ಇದನ್ನ ಹಚ್ಚಿ, ನಿಮಗೆ ಅದನ್ನ ಕೊಟ್ಟೆ.”

ಇಂದುಮತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಡಬ್ಬವನ್ನು ಎತ್ತಿ, ದೊಡ್ಡಮ್ಮನ ಪಟವನ್ನು ನೋಡಿ, ಕೆಳಗಿಟ್ಟಳು. ದನಿ ಏರಿಸಲಿಲ್ಲ.

“ಇದನ್ನ ನೀವು ಅವರಿಗೆ ಕಿವಿ ಕೇಳ್ತಿದ್ದಾಗ ಹೇಳ್ಬೇಕಿತ್ತು” ಎಂದಳು.

ಸಾವಿನ ಮನೆಯಲ್ಲಿ ತಲೆದೆಸೆಗೆ ಇಟ್ಟ ವಸ್ತುವನ್ನು ಯಾರೂ ವಾಪಸು ಒಯ್ಯುವುದಿಲ್ಲ. ಅದು ತಿಳಿದೇ ನಾಗಭೂಷಣ ನನ್ನನ್ನು ತಂದಿದ್ದ. ನಾನು ಇಲ್ಲಿ, ನರ್ಸಮ್ಮನ ಮನೆಯಲ್ಲಿಯೇ ಉಳಿದೆ. ಅಂಗಡಿಯ ಸುದ್ದಿಯನ್ನು ಚಿಕ್ಕತಾಯಮ್ಮ ಆಗೀಗ ಹೇಳುತ್ತಾಳೆ. ಮೂಟೆಗಳು ನಿಂತಿವೆಯಂತೆ. ಡಬ್ಬದ ಮೇಲೆ ಈಗ ಯಾರ ಮುಖವೂ ಇಲ್ಲವಂತೆ. ಗಂಡ ಹೆಂಡತಿ ಇಬ್ಬರೇ ಕೂತು ಹೊಸೆಯುತ್ತಾರಂತೆ, ಮಧ್ಯಾಹ್ನಕ್ಕೆಲ್ಲ ಸರಕು ಮುಗಿದುಹೋಗುತ್ತದಂತೆ, ಬಂದವರು ಗೊಣಗಿಕೊಂಡು ಹೋಗುತ್ತಾರಂತೆ. ಒಳ್ಳೆಯದೇ. ಆದರೆ ಅದರಿಂದ ಆ ಆರು ವಾರಗಳು ಹಿಂದಿರುಗಿ ಬರುವುದಿಲ್ಲ.

ಸೂತಕ ಕಳೆದು, ಈಗ ನಾನು ಆಚೆ ಗೋಡೆಯ ದೇವರ ಗೂಡಿನಲ್ಲಿ ಕುಳಿತಿದ್ದೇನೆ. ಇದೇ ಗೂಡನ್ನು ನರ್ಸಮ್ಮ ತಮ್ಮ ತಪ್ಪೆಂದು ತಿಳಿದು ಬದಲಾಯಿಸಿದ್ದು. ಕಮಲದ ಅಂಚು ಕಪ್ಪಾಗಿದೆ. ಒಂದು ತೂತು ಬೂದಿಯಿಂದ ಕಟ್ಟಿಹೋಗಿದೆ. ಇಂದುಮತಿ ಶುಕ್ರವಾರ ಒಂದು ಕಡ್ಡಿ ಹಚ್ಚುತ್ತಾಳೆ. ಹಿಂದೆ ಫ್ಯಾನು ಇಲ್ಲ. ಹೊಗೆ ನೇರವಾಗಿ ಮೇಲೆ ಹೋಗುತ್ತದೆ. ಅದರ ಜೊತೆ ನಾನು ಕಳಿಸುವುದು ಇಷ್ಟನ್ನೇ.

ಸ್ವಾಮಿ, ಆಕೆ ಕೆಮ್ಮುತ್ತಾ ನಿನಗೆ ಹಚ್ಚಿದ ಒಂದೊಂದು ಕಡ್ಡಿಯನ್ನೂ ಗಂಧವೆಂದೇ ಎಣಿಸಿಕೊ. ಹಚ್ಚದೆ ಬಿಟ್ಟ ಆರು ವಾರಗಳ ಕಡ್ಡಿಗಳನ್ನು ನನ್ನ ಹೆಸರಿಗೆ ಬರೆದುಕೊ, ಆಕೆಯ ಹೆಸರಿಗೆ ಬೇಡ. ಆ ಕೈಗಳು ನಿನಗೆ ಎಂದೂ ಬೇಡವಾಗಿರಲಿಲ್ಲ ಎಂದು ನೀನೇ ಆಕೆಗೆ ಹೇಳು. ನನಗೆ ಬಾಯಿಲ್ಲ. ಕಾತ್ಯಾಯಿನಮ್ಮ ನಿನ್ನ ಬಳಿ ಶಾಂತವಾಗಿರಲಿ.