ಅನುಸೂಯಮ್ಮ ತಿರುಗಿಸಿಟ್ಟ ಕಾಯಿಗಳು

ಎರಡನೇ ಅಟ್ಟದ ಬೀಗದ ಕೈ ಇದ್ದದ್ದು ನನ್ನೊಬ್ಬಳ ಹತ್ತಿರ. ಈ ಕತೆ ಕೇಳಿದವರೆಲ್ಲ ಮೊದಲು ಅನುಮಾನ ಪಡುವುದು ಅಲ್ಲಿಯೇ. ಹಾಗಾಗಿ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗಂಡಸಿ ಹತ್ತಿರ ತೆಂಗು ಬೆಳೆಗಾರರ ಸಂಘವೊಂದಿದೆ. ಅದರ ಹಿತ್ತಿಲಲ್ಲಿ ನಾಲ್ಕು ಉದ್ದನೆಯ ಕಟ್ಟಡಗಳು, ಪ್ರತಿಯೊಂದರಲ್ಲೂ ಮರದ ಪಟ್ಟಿ ಜೋಡಿಸಿದ ಒಂದು ಅಟ್ಟ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಮುಂದಿನ ಹನ್ನೊಂದು ತಿಂಗಳು ಅದನ್ನು ಯಾರೂ ಅವಸರ ಮಾಡುವಂತಿಲ್ಲ. ಒಳಗಿನ ನೀರು ತಾನಾಗಿ ಹಿಂಗಬೇಕು, ತಿರುಳು ತಾನಾಗಿ ಚಿಪ್ಪನ್ನು ಬಿಡಬೇಕು. ಬಿಟ್ಟಿದೆಯೋ ಇಲ್ಲವೋ ತಿಳಿಯಲು ಇರುವುದು ಒಂದೇ ದಾರಿ, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ನೀರಿದ್ದರೆ ಗುಳುಗುಳು ಅನ್ನುತ್ತದೆ. ಉಂಡೆ ಕೊಬ್ಬರಿ ಬಿಡಿಯಾಗಿದ್ದರೆ ಮರದ ಡಬ್ಬಿಯಲ್ಲಿ ಗೋಲಿ ಉರುಳಿದ ಹಾಗೆ ಸದ್ದು. ಇವೆರಡರ ನಡುವೆ, ಅರ್ಧ ಬಿಟ್ಟು ಅರ್ಧ ಅಂಟಿಕೊಂಡ ಕಾಯಿಗಳಿರುತ್ತವೆ. ಅವೂ ಸದ್ದು ಮಾಡುತ್ತವೆ, ಆದರೆ ಸುಳ್ಳು ಸದ್ದು. ಅಂಥದ್ದನ್ನು ಒಡೆದರೆ ಕೊಬ್ಬರಿ ಚೂರಾಗಿ ಬೂಸ್ಟು ಹಿಡಿಯುತ್ತದೆ. ಯಾರದೋ ತೋಟದ ಒಂದು ವರ್ಷ ಹಾಗೇ ಹೋಗುತ್ತದೆ.

ನನ್ನ ಕೆಲಸ ಕೇಳುವುದು. ಸಾಲಿಗೆ ಎಂಬತ್ತು ಕಾಯಿ, ದಿನಕ್ಕೆ ಆರು ಸಾಲು. ಎಲ್ಲ ಕಾಯಿಗಳ ತೊಟ್ಟೂ ನಮ್ಮ ಕಡೆಗಿರುತ್ತದೆ. ಪೂರ್ತಿ ಬಿಟ್ಟ ಕಾಯಿಯ ತೊಟ್ಟನ್ನು ಗೋಡೆ ಕಡೆಗೆ ತಿರುಗಿಸಿಡಬೇಕು, ಉಳಿದದ್ದನ್ನು ಹಾಗೇ ಬಿಡಬೇಕು. ಶನಿವಾರ ಒಡೆಯುವವರು ಬಂದು ಗೋಡೆ ನೋಡುತ್ತಿರುವ ಕಾಯಿಗಳನ್ನಷ್ಟೇ ಇಳಿಸಿಕೊಂಡು ಹೋಗುತ್ತಾರೆ.

ಇದಕ್ಕಿಂತ ಮುಂಚೆ ಅರಸೀಕೆರೆಯಲ್ಲೇ ಎರಡು ಕೆಲಸ ಕಳೆದುಕೊಂಡಿದ್ದೆ, ಒಂದು ಫೋಟೋ ಸ್ಟುಡಿಯೋದಲ್ಲಿ, ಒಂದು ಔಷಧಿ ಅಂಗಡಿಯಲ್ಲಿ. ಎರಡೂ ಕಡೆ ಒಂದೇ ದೂರು: ಹುಡುಗಿ ಬರುವುದು ತಡ, ಬಂದ ಮೇಲೂ ಇಲ್ಲಿರುವುದಿಲ್ಲ. ಸಂಘದಲ್ಲಿ ಮೂರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುವುದೆಂದು ಮಾತಾಗಿತ್ತು. "ಇದೂ ಹೋದ್ರೆ ನಿನ್ನ ಪರವಾಗಿ ಇನ್ನು ಯಾರ ಬಾಗಿಲಿಗೂ ಹೋಗಲ್ಲ ಕಣೇ," ಎಂದಿದ್ದಳು ಅಮ್ಮ. ಕೋಪದಲ್ಲಿ ಹೇಳಿದ್ದರೆ ಮರೆಯಬಹುದಿತ್ತು. ಸುಸ್ತಾದ ದನಿಯಲ್ಲಿ ಹೇಳಿದ್ದಳು.

ಮ್ಯಾನೇಜರ್ ಶರತ್ಚಂದ್ರ ನಮ್ಮ ಫೋನಿಗೆಲ್ಲ ಒಂದು ಆ್ಯಪ್ ಹಾಕಿಸಿದ್ದರು. ಒಂದು ಸಾಲು ಮುಗಿದರೆ ಒಂದು ಹಸಿರು ಟಿಕ್. ಆರೂ ಹಸಿರಾದರೆ ಆ ದಿನ ಒಂದು ಹೂವು ಅರಳುತ್ತದೆ. ಒಂದು ದಿನ ತಪ್ಪಿದರೆ ಅಷ್ಟೂ ಹೂವು ಉದುರಿ ಮತ್ತೆ ಒಂದರಿಂದ ಶುರು.

ನಾಲ್ಕನೇ ವಾರದ ಒಂದು ಮಧ್ಯಾಹ್ನ ಹೆಂಚಿನ ಸಂದಿಯಿಂದ ಬಿದ್ದ ಬೆಳಕಿನ ಕೋಲಿನಲ್ಲಿ ಮಟ್ಟೆಯ ನಾರು ತೇಲುವುದನ್ನು ನೋಡುತ್ತ ಕೂತೆ. ಕಣ್ಣು ತಿರುಗಿಸಿದಾಗ ನಾಲ್ಕೂವರೆ. ಎರಡು ಸಾಲು ಬಾಕಿ ಇತ್ತು, ಐದಕ್ಕೆ ಬಸ್ಸು. ಹನ್ನೊಂದು ತಿಂಗಳಾಗಿದೆ, ಎಲ್ಲ ಬಿಟ್ಟೇ ಇರುತ್ತವೆ ಅಂದುಕೊಂಡು, ಒಂದನ್ನೂ ಕಿವಿಗೆ ಹಿಡಿಯದೆ ನೂರರವತ್ತು ಕಾಯಿಗಳನ್ನೂ ಗೋಡೆ ಕಡೆ ತಿರುಗಿಸಿದೆ. ಎರಡು ಟಿಕ್ ಒತ್ತಿದೆ. ಹೂವು ಅರಳಿತು.

ಮರುದಿನ ಬೀಗ ತೆಗೆದು ಏಣಿ ಹತ್ತಿದರೆ ಆ ಎರಡು ಸಾಲಿನಲ್ಲಿ ಹನ್ನೊಂದು ಕಾಯಿಗಳು ತೊಟ್ಟು ಮುಂದೆ ಮಾಡಿ ನನ್ನನ್ನೇ ನೋಡುತ್ತಿದ್ದವು.

ಮೂರನ್ನು ಅಲ್ಲಾಡಿಸಿದೆ, ಸದ್ದಿಲ್ಲ. ನಾಲ್ಕನೆಯದು ಚೆನ್ನಾಗಿಯೇ ಸದ್ದು ಮಾಡಿತು. ಅದನ್ನು ಕೆಳಗೆ ಒಯ್ದು ಲಕ್ಕಮ್ಮನ ಕೈಗೆ ಕೊಟ್ಟೆ. ಲಕ್ಕಮ್ಮ ಕಾಯಿ ಒಡೆಯುವವಳು, ಅಂಗಳದಲ್ಲಿ ಮಚ್ಚು ಹಿಡಿದು ಕೂತರೆ ಊಟಕ್ಕಷ್ಟೇ ಏಳುವವಳು. ಮಟ್ಟೆ ಸುಲಿದು ಒಡೆದಳು. ಕೊಬ್ಬರಿ ಒಂದು ಬದಿ ಚಿಪ್ಪಿಗೆ ಅಂಟಿಕೊಂಡಿತ್ತು.

"ಇದ ಯಾಕವ್ವ ತಂದೆ? ಅರೆ ಬಿಟ್ಟೈತೆ."

"ನಾನು ಗೋಡೆ ಕಡೆ ತಿರುಗಿಸಿದ್ದೆ. ಬೆಳಿಗ್ಗೆ ನೋಡಿದ್ರೆ ಇತ್ತ ತಿರುಗಿದೆ. ಬೀಗ ನನ್ನ ಹತ್ರಾನೇ ಇದೆ ಲಕ್ಕಮ್ಮ."

ಲಕ್ಕಮ್ಮ ಮಚ್ಚಿನ ಬಾಯಿಯನ್ನು ಸೆರಗಿಗೆ ಒರೆಸಿದಳು. "ಅನುಸೂಯಮ್ಮ ಇರ್ಬೇಕು."

ಆ ಹೆಸರು ಕೇಳಿದ್ದೆ. ನನಗಿಂತ ಮುಂಚೆ ಎರಡನೇ ಅಟ್ಟದಲ್ಲಿ ಇಪ್ಪತ್ತಾರು ವರ್ಷ ಕೇಳಿದವರು. ಹೋದ ಮಾಘದಲ್ಲಿ ಒಂದು ಭಾನುವಾರ ಮನೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ತೀರಿಕೊಂಡಿದ್ದರು.

"ಸತ್ತವ್ರು ಹೆಂಗೆ ಬರ್ತಾರೆ?"

"ಅವಮ್ಮ ಎಲ್ಲಿ ಬಂದದೆ? ಬರೀ ಕೈ ಬಂದದೆ. ಇಪ್ಪತ್ತಾರು ವರ್ಸ ದಿನಾ ಮಾಡಿದ್ದು, ನಿಲ್ಲು ಅಂದ್ರೆ ನಿಂತದಾ?" ಅಂದು ಇನ್ನೊಂದು ಕಾಯಿಗೆ ಕೈ ಹಾಕಿದಳು. "ಹೆದ್ರಬ್ಯಾಡ. ಬದುಕಿದ್ದಾಗ್ಲೂ ಅವಮ್ಮ ಯಾರ್ನೂ ಮಾತಾಡಿಸ್ತಿರ್ಲಿಲ್ಲ."

ನನ್ನನ್ನು ಬೆಳೆಸಿದ್ದು ಹುಲಿಕೆರೆಯ ಅಜ್ಜಿ. ಕೊಳದ ಮೆಟ್ಟಿಲ ಮೇಲೆ ಕೂರಿಸಿಕೊಂಡು ಅವಳು ಹೇಳದ ದೆವ್ವವಿಲ್ಲ. ಒಬ್ಬಳಿಗೆ ಮುಡಿಯಲು ಸಂಪಿಗೆ ಬೇಕು, ಒಬ್ಬನಿಗೆ ಗಟ್ಟಿ ಮಜ್ಜಿಗೆ ಬೇಕು, ಹಳೇಬೀಡಿನ ಒಬ್ಬ ಶಿಲ್ಪಿಗೆ ತಾನು ಕಡೆಯದೆ ಉಳಿಸಿದ ಆನೆಯ ಒಂದು ಕಾಲು ಬೇಕು. ಅಜ್ಜಿಯ ದೆವ್ವಗಳಿಗೆಲ್ಲ ಏನಾದರೊಂದು ಬೇಕಿತ್ತು, ಕೊಟ್ಟರೆ ಹೋಗುತ್ತಿದ್ದವು. ಅಟ್ಟದಲ್ಲಿದ್ದದ್ದಕ್ಕೆ ಏನೂ ಬೇಕಿರಲಿಲ್ಲ. ಅದು ಕೆಲಸ ಮಾಡುತ್ತಿತ್ತು, ಅಷ್ಟೇ.

ಎರಡು ದಿನ ಹೆದರಿದೆ. ಮೂರನೇ ದಿನ ಮತ್ತೆ ತಡವಾಯಿತು, ಮತ್ತೆ ಎರಡು ಸಾಲು ಹಾಗೇ ತಿರುಗಿಸಿದೆ. ಬೆಳಿಗ್ಗೆ ತಪ್ಪೆಲ್ಲ ಸರಿಯಾಗಿತ್ತು. ಮುಂದಿನ ವಾರ ಎರಡು ಸಾಲು ನಾಲ್ಕಾಯಿತು. ಅದರ ಮುಂದಿನ ವಾರ ಆರೂ. ಬೆಳಿಗ್ಗೆ ಬಂದು ಅರ್ಧ ಗಂಟೆಯಲ್ಲಿ ನಾನೂರೆಂಬತ್ತು ಕಾಯಿ ತಿರುಗಿಸಿ, ಹೊತ್ತು ಹೊತ್ತಿಗೆ ಟಿಕ್ ಒತ್ತುತ್ತ, ಉಳಿದ ದಿನವೆಲ್ಲ ಬೆಳಕಿನ ಕೋಲು ಗೋಡೆ ದಾಟುವುದನ್ನು ನೋಡುತ್ತಿದ್ದೆ. ಶನಿವಾರ ಒಡೆಯುವಾಗ ಎರಡನೇ ಅಟ್ಟದ ಒಂದು ಕಾಯಿಯೂ ಹಾಳಾಗುತ್ತಿರಲಿಲ್ಲ. ಆಫೀಸಿನ ಗೋಡೆ ಮೇಲೆ ನನ್ನ ಫೋಟೋ ಹಾಕಿದರು. ಅಮ್ಮ ಅದರದೊಂದು ಫೋಟೋ ತೆಗೆಸಿಕೊಂಡು ಅಕ್ಕಪಕ್ಕದವರಿಗೆ ತೋರಿಸಿದಳು.

ಆದರೆ ನನಗೆ ಆ ಅಟ್ಟದಲ್ಲಿ ಬೆನ್ನು ಬಯಲಿಗೆ ಬಿಟ್ಟು ಕೂರಲು ಆಗುತ್ತಿರಲಿಲ್ಲ, ಗೋಡೆಗೆ ಒರಗಿಯೇ ಕೂರುತ್ತಿದ್ದೆ. ಮನೆಯಲ್ಲಿ ಬಾಚಣಿಗೆ, ಲೋಟ, ಏನು ಎತ್ತಿದರೂ ಇದನ್ನು ಎತ್ತಿದ್ದು ನಾನೇ ತಾನೇ ಎಂದು ಕೈ ನೋಡಿಕೊಳ್ಳುತ್ತಿದ್ದೆ. ನಾಳೆ ನಾನು ಸತ್ತರೆ ನನ್ನದು ಅಂತ ಉಳಿಯುವುದೇನು ಎಂಬ ಯೋಚನೆ ಬಸ್ಸಿನಲ್ಲಿ ಬರುತ್ತಿತ್ತು. ಒಂದು ಹೆಬ್ಬೆರಳು ಖಾಲಿ ಗಾಳಿಯಲ್ಲಿ ಟಿಕ್ ಒತ್ತುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು.

ಎಪ್ಪತ್ತನೇ ಹೂವಿನ ದಿನ ಶರತ್ಚಂದ್ರ ಕರೆದರು.

"ಕೂತ್ಕೊಳ್ಳಿ ಧನುಶ್ರೀ. ನಿಮ್ಮ ಡೇಟಾ ನೋಡ್ತಿದ್ದೆ. ಎಪ್ಪತ್ತು ದಿನ, ಒಂದು ಬ್ರೇಕ್ ಇಲ್ಲ. ಒಡೆಯೋವಾಗ ವೇಸ್ಟೂ ಇಲ್ಲ. ಇಂಥ ಹ್ಯಾಬಿಟ್ ಬೆಳೆಸ್ಕೊಳ್ಳೋಕೆ ಜನಕ್ಕೆ ಎಷ್ಟು ವರ್ಷ ಬೇಕು ಗೊತ್ತಾ?"

ಇಪ್ಪತ್ತಾರು, ಎಂಬುದು ಬಾಯಿಯ ತನಕ ಬಂತು.

"ಮಾದಿಹಳ್ಳಿಯಲ್ಲಿ ಹೊಸ ಅಟ್ಟ ಶುರು ಮಾಡ್ತಿದೀವಿ. ಆರು ಜನ ಹೊಸ ಹೆಣ್ಮಕ್ಕಳು. ಅವ್ರಿಗೆ ಕೇಳೋದು ಕಲಿಸೋಕೆ ನೀವೇ ಹೋಗ್ಬೇಕು. ಒಂದನೇ ತಾರೀಖು ಖಾಯಂ ಆರ್ಡರ್ ಕೊಟ್ಟೇ ಕಳಿಸ್ತೀನಿ."

ಒಂದನೇ ತಾರೀಖಿಗೆ ಹನ್ನೆರಡು ದಿನವಿತ್ತು. ಮಾದಿಹಳ್ಳಿಯ ಅಟ್ಟದಲ್ಲಿ ಅನುಸೂಯಮ್ಮ ಇರುವುದಿಲ್ಲ. ಅಲ್ಲಿ ನಾನು ಗೋಡೆ ಕಡೆ ತಿರುಗಿಸಿದ ಕಾಯಿ ಗೋಡೆ ಕಡೆಗೇ ಇರುತ್ತದೆ, ಮಚ್ಚಿಗೆ ಹೋಗುತ್ತದೆ.

ಅಟ್ಟಕ್ಕೆ ಓಡಿ ಒಂದೊಂದೇ ಕಾಯಿ ಅಲ್ಲಾಡಿಸಿದೆ. ಬಿಟ್ಟದ್ದು, ಅರೆ ಬಿಟ್ಟದ್ದು ಎಲ್ಲ ಒಂದೇ ಥರ ಕೇಳುತ್ತಿದ್ದವು. ನನ್ನ ಕಿವಿ ಕೆಲಸಕ್ಕೆ ಸೇರಿದ ದಿನ ಇದ್ದಲ್ಲೇ ಇತ್ತು.

ಅವತ್ತು ಐದರ ಬಸ್ಸು ಬಿಟ್ಟೆ. ಆರೂ ಮುಕ್ಕಾಲಿಗೆ ಇನ್ನೊಂದಿತ್ತು. ಏಣಿಯ ಹತ್ತಿರ ಗೋಡೆಗೆ ಒರಗಿ ಕಾದೆ. ಕೆಳಗೆ ಲಕ್ಕಮ್ಮ ಚೀಲ ಜಾಡಿಸಿ ಹೊರಟ ಸದ್ದು. ಆಮೇಲೆ ಏನೂ ಇಲ್ಲ. ಐದೂವರೆ ಇರಬಹುದು, ಬೆಳಕು ಇನ್ನೂ ಹಳದಿಯಾಗಿಯೇ ಇತ್ತು, ಮೊದಲ ಸಾಲಿನ ಮೊದಲ ಕಾಯಿ ಮೇಲೆದ್ದಿತು.

ಅದು ನನ್ನ ಭುಜದ ಎತ್ತರಕ್ಕೆ ಬಂದು ನಿಂತಿತು. ಅನುಸೂಯಮ್ಮ ಗಿಡ್ಡಗಿದ್ದರಂತೆ. ಮೂರು ಸಲ ಅಲ್ಲಾಡಿತು. ಮೂರನೆಯದಾದ ಮೇಲೆ ಒಂದು ಉಸಿರು ಎಳೆದುಬಿಡುವಷ್ಟು ಹೊತ್ತು ಸುಮ್ಮನಿತ್ತು, ಆಮೇಲೆ ಮೆಲ್ಲಗೆ ಇಳಿಯಿತು, ತೊಟ್ಟು ಗೋಡೆ ಕಡೆಗೆ. ಎರಡನೆಯದು ಎದ್ದಿತು.

ಏಣಿ ಎರಡಡಿ ದೂರದಲ್ಲಿತ್ತು, ಇಳಿದು ಓಡಬಹುದಿತ್ತು. "ಅಮ್ಮ," ಅಂದೆ. "ನನಗೆ ಬರಲ್ಲ. ಹೇಳಿಕೊಡಿ." ಕಾಯಿ ಇಳಿಯಿತು, ಮೂರನೆಯದು ಎದ್ದಿತು. ಅದಕ್ಕೆ ನಾನು ಕೇಳಿಸಲಿಲ್ಲ. ಅದು ಕಾಯನ್ನು ಕೇಳುತ್ತಿತ್ತು.

ಆಗ ನಾನು ಎದ್ದು ಹೋದೆ. ಯಾಕೆ ಹೋದೆನೋ ಇವತ್ತಿಗೂ ಗೊತ್ತಿಲ್ಲ. ಮಂಡಿ ಬಗ್ಗಿಸಿ, ಎದ್ದು ನಿಂತ ಕಾಯಿಯ ಈಚೆ ಬದಿಗೆ ನನ್ನ ಕಿವಿ ಇಟ್ಟೆ. ಆಚೆ ಬದಿಯಲ್ಲಿ ಇನ್ನೊಂದು ಕಿವಿ ಇದ್ದಿರಲೇಬೇಕು. ಉಸಿರಿಲ್ಲ, ಬಿಸಿಯಿಲ್ಲ, ಮಟ್ಟೆಯ ವಾಸನೆ ಮಾತ್ರ. ಕಾಯಿ ನನ್ನ ಕೆನ್ನೆಗೆ ಉಜ್ಜುತ್ತ ಮೂರು ಸಲ ಅಲ್ಲಾಡಿತು. ಸದ್ದು ನಿಂತಿತು. ಆ ಒಂದು ಉಸಿರಿನ ಹೊತ್ತಿನಲ್ಲಿ, ಒಳಗೆ ಉಂಡೆ ಪೂರ್ತಿ ಉರುಳಿ ತಳಕ್ಕೆ ಕೂತದ್ದು ಕೇಳಿಸಿತು. ನಾನು ಇಷ್ಟು ದಿನ ಅಲ್ಲಾಡಿಸಿ ಕೈಬಿಡುತ್ತಿದ್ದೆ. ಇವರು ಸದ್ದು ಮುಗಿದ ಮೇಲಿನದ್ದನ್ನು ಕೇಳುತ್ತಿದ್ದರು. ಮುಂದಿನ ಕಾಯಿ ಸದ್ದು ಮಾಡಿತು, ಆದರೆ ಕೂರಲಿಲ್ಲ. ಅದರ ತೊಟ್ಟು ನಮ್ಮ ಕಡೆ ತಿರುಗಿತು.

ಆರೂ ಮುಕ್ಕಾಲರ ತನಕ ಹಾಗೆ ಬಗ್ಗಿಕೊಂಡು ಒಂದೂವರೆ ಸಾಲು ಹಿಂಬಾಲಿಸಿದೆ. ಮರುದಿನವೂ. ಎಂಟು ದಿನ. ಕಾಲು ಊದಿಕೊಂಡವು. ಎಷ್ಟೋ ಕಾಯಿಗಳಲ್ಲಿ ನನ್ನ ಊಹೆ ಒಂದು, ಇಳಿದ ಬಗೆ ಇನ್ನೊಂದು.

ಒಂದನೇ ತಾರೀಖಿಗೆ ಮೂರು ದಿನವಿರುವಾಗ ಆಫೀಸಿಗೆ ಹೋದೆ.

"ಸಾರ್, ನಾನು ಮಾದಿಹಳ್ಳಿಗೆ ಹೋಗೋ ಹಾಗಿಲ್ಲ. ನನಗೆ ಕೇಳೋಕೆ ಬರಲ್ಲ."

ಶರತ್ಚಂದ್ರ ನಕ್ಕರು. "ಇದೇ ನೋಡಿ, ಚೆನ್ನಾಗಿ ಮಾಡೋರಿಗೆಲ್ಲ ಈ ಡೌಟು ಇರುತ್ತೆ. ಎಪ್ಪತ್ತೊಂಬತ್ತು ಹೂವು ಸುಳ್ಳಾ?"

"ಒತ್ತಿದ್ದು ನಾನು. ಮಾಡಿದ್ದು ನಾನಲ್ಲ. ಬೇಕಾದ್ರೆ ಈಗ್ಲೇ ಪರೀಕ್ಷೆ ಮಾಡಿ."

ಅಂಗಳಕ್ಕೆ ಬಂದೆವು. ಲಕ್ಕಮ್ಮ ಹತ್ತು ಕಾಯಿ ಆರಿಸಿ ಇಟ್ಟಳು. ನಾನು ಒಂದೊಂದನ್ನೂ ಮೂರು ಸಲ ಅಲ್ಲಾಡಿಸಿ, ಕಾದು, ಬಿಟ್ಟಿದೆ, ಬಿಟ್ಟಿಲ್ಲ ಎಂದು ಹೇಳುತ್ತ ಹೋದೆ. ಅವಳು ಒಡೆಯುತ್ತ ಹೋದಳು. ಮೂರು ತಪ್ಪಾದವು.

"ಹತ್ತಕ್ಕೆ ಏಳು," ಅಂದರು ಶರತ್ಚಂದ್ರ. ಮುಖದಲ್ಲಿ ನಗು ಇರಲಿಲ್ಲ. "ಹಾಗಾದ್ರೆ ಇಷ್ಟು ದಿನ ಮಾಡಿದ್ದು ಯಾರು?"

ನಾನು ಬಾಯಿ ತೆರೆಯುವ ಮುಂಚೆ ಲಕ್ಕಮ್ಮ ಅಂದಳು, "ಅದ ಬಿಡಿ ಸಾ, ನಿಮ್ ಫೋನ್ನಾಗೆ ಬರಾಕಿಲ್ಲ. ಏಳು ಸರಿ ಹೇಳವ್ಳಲ್ಲ. ಹೋದ ತಿಂಗ್ಳಾಗಿದ್ರೆ ಮೂರೂ ಹೇಳ್ತಿರ್ಲಿಲ್ಲ ಇವ್ಳು."

ಮಾದಿಹಳ್ಳಿಗೆ ನಾಲ್ಕನೇ ಅಟ್ಟದ ಭಾಗ್ಯ ಹೋದಳು. ನನ್ನ ಫೋಟೋ ಗೋಡೆಯಿಂದ ಇಳಿಯಿತು. ಮತ್ತೆ ಮೂರು ತಿಂಗಳು ನೋಡುತ್ತೇನೆ, ಆಮೇಲೂ ಹೀಗೇ ಆದರೆ ಬರಬೇಡಿ ಅಂದರು ಶರತ್ಚಂದ್ರ. ಅಮ್ಮನಿಗೆ ಹೇಳಿದೆ. ಅವಳು ಎದ್ದು ಒಳಗೆ ಹೋದಳು, ಬೆಳಿಗ್ಗೆ ಮಾತ್ರ ಬುತ್ತಿ ಕಟ್ಟಿಟ್ಟಿದ್ದಳು.

ಹೊಸ ಮೂರು ತಿಂಗಳ ಮೊದಲ ದಿನ ಎರಡು ಸಾಲು ಕೇಳುವಷ್ಟರಲ್ಲಿ ಸಂಜೆಯಾಯಿತು. ಹೂವೆಲ್ಲ ಉದುರಿದವು. ಮರುದಿನ ಬೀಗ ತೆಗೆದು, ಹಿಂದಿನ ಸಂಜೆ ಫೋನಿನಲ್ಲಿ ತೆಗೆದಿಟ್ಟ ಫೋಟೋ ಜೊತೆ ಹೋಲಿಸಿದರೆ ಆ ಎರಡು ಸಾಲಿನಲ್ಲಿ ಒಂಬತ್ತು ಕಾಯಿಗಳು ತಿರುಗಿದ್ದವು. ಒಂದೊಂದನ್ನೂ ಮತ್ತೆ ಕೇಳಿ, ಎಲ್ಲಿ ತಪ್ಪಿದೆ ಎಂದು ತಿಳಿದುಕೊಂಡು ಮುಂದಿನ ಸಾಲಿಗೆ ಹೋದೆ. ವಾರ ಕಳೆಯಿತು. ಒಂಬತ್ತು ಆರಾಯಿತು, ಮತ್ತೆ ಎಂಟಾಯಿತು, ಆಮೇಲೆ ನಾಲ್ಕು. ಮೂರು ಸಾಲು, ನಾಲ್ಕು ಸಾಲು. ಕೇಳುವಾಗ ಬೆಳಕಿನ ಕೋಲು ಯಾವಾಗ ಗೋಡೆ ದಾಟುತ್ತಿತ್ತೋ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಏಣಿ ಹತ್ತುವಾಗ, ತಿದ್ದಿಟ್ಟ ಕಾಯಿಗಳನ್ನು ನೋಡಲು ಒಂದು ಥರ ಆಸೆಯೂ ಇರುತ್ತಿತ್ತು, ಯಾರೋ ನನಗೆ ಕಾಗದ ಬರೆದಿಟ್ಟ ಹಾಗೆ.

ಎರಡನೇ ತಿಂಗಳ ಕೊನೆಯಲ್ಲಿ ಒಂದು ಗುರುವಾರ ಹಿಂದಿನ ದಿನದ ಐದು ಸಾಲನ್ನೂ ಈ ತುದಿಯಿಂದ ಆ ತುದಿಗೆ ನೋಡಿದೆ. ನಾನೂರು ಕಾಯಿ. ನಾನಿಟ್ಟ ಹಾಗೇ ಇದ್ದವು, ಒಂದೂ ತಿರುಗಿರಲಿಲ್ಲ. ಶುಕ್ರವಾರವೂ ಹಾಗೇ. ಶನಿವಾರ ಲಕ್ಕಮ್ಮ ಗೋಡೆ ಕಡೆಗಿದ್ದವನ್ನೆಲ್ಲ ಒಡೆದು, ಒಂದೂ ಹಾಳಾಗಲಿಲ್ಲ ಅಂದಳು.

ಸೋಮವಾರ ಸಂಜೆ ಬಸ್ಸು ಬಿಟ್ಟು ಕಾದೆ. ಐದೂವರೆ ದಾಟಿತು, ಆರಾಯಿತು. ಮೊದಲ ಸಾಲಿನ ಮೊದಲ ಕಾಯಿ ಎದ್ದಿದ್ದ ಜಾಗದಲ್ಲಿ ಮಂಡಿ ಬಗ್ಗಿಸಿ ಕಿವಿಯಿಟ್ಟೆ. ಗಾಳಿಯೂ ಇರಲಿಲ್ಲ. ಇನ್ನು ನಾನು ತಪ್ಪಿದರೆ ತಪ್ಪು ಹಾಗೇ ಉಳಿಯುತ್ತದೆ, ನನ್ನ ಹಿಂದೆ ಬರುವವರು ಯಾರೂ ಇಲ್ಲ.

ಅಷ್ಟು ದಿನ ಅನುಸೂಯಮ್ಮನ ಜೊತೆ ಒಬ್ಬಳೇ ಇದ್ದಾಗಲೂ ಬಾರದಂಥ ಹೆದರಿಕೆ ಆಗ ಬಂತು. ಕೂತಲ್ಲಿಂದ ಎದ್ದು, ಮರುದಿನದ ಸಾಲಿನ ಮೊದಲ ಕಾಯನ್ನು ಎತ್ತಿ ಕಿವಿಗೆ ಹಿಡಿದೆ.