ಅಣ್ಣನ ಮಾತಿನ ವೈರು

ನಮ್ಮಣ್ಣ ಮಾರ್ಕೆಟ್ಟಿನಲ್ಲಿ ತರಕಾರಿ ಹರಾಜು ಕೂಗುತ್ತಿದ್ದವನು. ಅವನು ಬಾಯಿ ತೆರೆದರೆ ಆಚೆ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಅಂಥ ಮನುಷ್ಯ ಮನೆಯಲ್ಲಿ ಅತ್ತಿಗೆಯ ಜೊತೆ ಜಗಳವಾದರೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಮುಖ ಊದಿಸಿಕೊಂಡು ಕೂತರೆ ಮುಗಿಯಿತು, ಯಾರು ಬಂದರೂ ಕ್ಯಾರೇ ಅನ್ನುವುದಿಲ್ಲ. ಮಗನ ಮದುವೆಯ ದಿನವೂ ಹಾಗೇ ಕೂತು ಬೀಗರ ಮುಂದೆ ನಮ್ಮ ಮಾನ ಕಳೆದ ಪುಣ್ಯಾತ್ಮ. "ಸಾಹೇಬರ ಸ್ಟ್ರೈಕು" ಅಂತ ನಾವು ನಗುತ್ತಿದ್ದೆವು. ಅತ್ತಿಗೆ ಅದಕ್ಕೊಂದು ಮದ್ದು ಕಂಡುಕೊಂಡಿದ್ದಳು. ತಿರುಗಿ ನೋಡಬಾರದು, ತಾನಾಗೇ ಇಳಿಯುತ್ತದೆ ಅನ್ನುವುದೇ ಆ ಮದ್ದು.

ಆಮೇಲೆ ಆ ಹಾಳು ನರದ ಕಾಯಿಲೆ ಬಂತು. ಮೊದಲು ಕೈ ಹೋಯಿತು, ಹಿಂದೆಯೇ ಕಾಲು, ಕೊನೆಗೆ ಆ ಗಂಟಲೂ ಹೋಯಿತು. ಮೈ ಆಡುವುದಿಲ್ಲ ಅಷ್ಟೇ, ನೋವು, ತುರಿಕೆ, ಬಿಸಿ, ಥಂಡಿ ಎಲ್ಲ ಮೊದಲಿನ ಹಾಗೇ ಗೊತ್ತಾಗುತ್ತದೆ. ಅವನ ಸ್ವಾಧೀನದಲ್ಲಿ ಉಳಿದದ್ದು ಕಣ್ಣು ಮಾತ್ರ. ಅದಕ್ಕೇ ಮಂಚದ ಮುಂದೆ ಒಂದು ಲ್ಯಾಪ್‌ಟಾಪು, ಅದರ ಬುಡಕ್ಕೆ ಅಡ್ಡಪಟ್ಟಿಯಂಥ ಒಂದು ಕಣ್ಣಿನ ಕ್ಯಾಮೆರಾ. ಪರದೆಯ ಮೇಲಿರುವ ಅಕ್ಷರವನ್ನು ಅವನು ದಿಟ್ಟಿಸಿದರೆ ಕ್ಯಾಮೆರಾಕ್ಕೆ ಗೊತ್ತಾಗಿ ಆ ಅಕ್ಷರ ಬೀಳುತ್ತದೆ. ಸಾಲು ಮುಗಿದರೆ ಯಂತ್ರ ಓದಿ ಹೇಳುತ್ತದೆ. ಅದೂ ಹೆಂಗಸಿನ ದನಿಯಲ್ಲಿ, ಬ್ಯಾಂಕಿನವರ ಫೋನಿನಲ್ಲಿ ಬರುತ್ತದಲ್ಲ, ಆ ದನಿ. ನೀರು ಕೇಳಿದರೂ ಅದೇ ರಾಗ, ಬೈದರೂ ಅದೇ ರಾಗ.

ಆ ಲ್ಯಾಪ್‌ಟಾಪಿಗೆ ಇರುವುದು ಬರೀ ಎರಡು ತೂತು. ತೆಳ್ಳಗಿದ್ದರೆ ಚೆಂದ ಅಂತ ಮಾಡಿದರೋ ಏನೋ, ಮಾಡಿದವರ ತಲೆ. ಒಂದು ತೂತು ಚಾರ್ಜರಿಗೆ ಹೋಯಿತು. ಇನ್ನೊಂದಕ್ಕೆ ನಾಲ್ಕು ಬಾಯಿಯ ಒಂದು ಡಬ್ಬಿ ಸಿಕ್ಕಿಸಿದ್ದೆವು. ಅಂಗಡಿಯವನು ಹಬ್ ಅಂದ, ಸುತ್ತ ವೈರು ಚಾಚಿಕೊಂಡಿರುವುದಕ್ಕೆ ನಾವು ಜೇಡ ಅಂದೆವು. ಕಣ್ಣಿನ ಕ್ಯಾಮೆರಾ ಅದಕ್ಕೇ, ಮೌಸೂ ಅದಕ್ಕೇ. "ಇನ್ನೂ ಸಾಮಾನು ಹಾಕೋದಾದ್ರೆ ಈ ಡಬ್ಬಿಗೂ ಬೇರೆ ಕರೆಂಟು ಕೊಡಿ" ಅಂತ ಅಂಗಡಿಯವನು ಒಂದು ಅಡಾಪ್ಟರು ಕೊಟ್ಟಿದ್ದ. ಎಲ್ಲಿ ಕೊಡುವುದು? ಮಂಚದ ಪಕ್ಕದ ಬೋರ್ಡಿನಲ್ಲಿ ಗಾಳಿಹಾಸಿಗೆಯ ಪಂಪು, ಕಫ ಎಳೆಯುವ ಯಂತ್ರ, ಚಾರ್ಜರು ಮೂರೂ ಸೇರಿ ಜಾಗ ತುಂಬಿತ್ತು. ಅಡಾಪ್ಟರು ಡ್ರಾಯರಿನಲ್ಲಿ ಬೆಚ್ಚಗೆ ಮಲಗಿತ್ತು.

ಅವತ್ತು ಬೆಳಿಗ್ಗೆ ಜಗಳ ಆಗಿದ್ದು ಮೀಸೆಗೆ. ಜೊಲ್ಲು ಅಂಟಿಕೊಳ್ಳುತ್ತದೆ, ತೆಗೆದುಬಿಡೋಣ ಅಂತ ಅತ್ತಿಗೆ. ಮುಟ್ಟಬೇಡ ಅಂತ ಅಣ್ಣ. ಇವಳು ಕತ್ತರಿ ತಂದಳು. "ನಾನು ಸತ್ತ ಮೇಲೆ ಬೋಳಿಸು" ಅಂತ ಹೆಂಗಸಿನ ದನಿಯಲ್ಲಿ ಬಂತು ಉತ್ತರ. ಅತ್ತಿಗೆ ಕಣ್ಣು ಒರೆಸಿಕೊಂಡು ಎದ್ದಳು. ಆದರೂ ಅವನ ಪಾದ ತಣ್ಣಗಿದ್ದದ್ದು ಅವಳ ಕೈಗೆ ತಿಳಿಯಿತು ನೋಡಿ. ಕುದಿಯುವ ನೀರು ತುಂಬಿ ಬಿಸಿನೀರಿನ ಚೀಲ ತಂದಳು. ಅದರ ದಪ್ಪ ಗವಸು ಒಗೆಯಲು ಹಾಕಿತ್ತು, ಟವೆಲು ಸುತ್ತಿ ಪಾದದ ಹತ್ತಿರ ಇಟ್ಟು ಹೊದಿಕೆ ಎಳೆದು ಹೊರಗೆ ಹೋದಳು.

ಅದೇ ಹೊತ್ತಿಗೆ ಅಣ್ಣನ ಮಗ ಬಂದ. ಅವನದು ಫೋಟೋ ಸ್ಟುಡಿಯೋ, ಅಲ್ಲಿನ ಕಂಪ್ಯೂಟರು ಕೆಟ್ಟು ಕೂತಿತ್ತು. ಹಿಂದೆಯೂ ಒಂದು ಹಾರ್ಡ್‌ಡಿಸ್ಕು ತಂದು ಜೇಡಕ್ಕೆ ಸಿಕ್ಕಿಸಿ ಕೆಲಸ ಮಾಡಿಕೊಂಡಿದ್ದ, ಏನೂ ಆಗಿರಲಿಲ್ಲ. ಈ ಸಲ ಎರಡು ತಂದ, ಎರಡನ್ನೂ ಸಿಕ್ಕಿಸಿದ. "ಅದರ ಪಾಡಿಗೆ ಅದು ಕಾಪಿ ಆಗ್ತಿರಲಿ ಅಪ್ಪಾ, ನಿನ್ನ ಮಾತಿಗೇನೂ ಅಡ್ಡಿ ಇಲ್ಲ" ಅಂತ ಹೇಳಿ ಸ್ಟುಡಿಯೋಗೆ ಹೋದ. ಎರಡು ಡಿಸ್ಕು ಸೇರಿ ಜೇಡಕ್ಕೆ ಬರುತ್ತಿದ್ದ ಅಷ್ಟಿಷ್ಟು ಕರೆಂಟನ್ನೂ ಹೀರಿಕೊಂಡವು, ಕ್ಯಾಮೆರಾ ಆರಿತು. ಪರದೆಯ ಮೇಲೆ ಅಕ್ಷರಗಳು ಮಾತ್ರ ಇದ್ದ ಹಾಗೇ ಇದ್ದವು.

ನಾನು ಶಾಲೆ ಬಸ್ಸಿನ ಆಯಾ. ಮಕ್ಕಳನ್ನೆಲ್ಲ ಇಳಿಸಿ ಮಧ್ಯಾಹ್ನ ಮನೆಗೆ ಬಂದಾಗ ಅತ್ತಿಗೆ ಅಡುಗೆಮನೆಯಿಂದಲೇ ಅಂದಳು, "ನಿಮ್ಮಣ್ಣಂದು ಸ್ಟ್ರೈಕು. ಬೆಳಿಗ್ಗೆಯಿಂದ ಒಂದು ಮಾತಿಲ್ಲ."

"ಮೀಸೆಗಾ?"

"ಇನ್ಯಾತಕ್ಕೆ. ಕಣ್ಣಲ್ಲಿ ನೀರು ಬೇರೆ ಸುರೀತಿತ್ತು. ಒಣಗಿರಬೇಕು ಅಂತ ಡ್ರಾಪ್ಸ್ ಹಾಕಿ ಬಂದೆ."

ಕೋಣೆಗೆ ಹೋದೆ. ಅಣ್ಣನ ಕಣ್ಣು ಪರದೆಯ ಮೇಲೇ ಓಡಾಡುತ್ತಿತ್ತು, ಮುಖವೆಲ್ಲ ಬೆವರು. ಸೆಕೆ ಅಂದುಕೊಂಡು ಫ್ಯಾನು ಜೋರು ಮಾಡಿದೆ. ಎಂದಿನ ಹಾಗೆ ರೇಗಿಸಿದೆ ಕೂಡ. "ಏನಪ್ಪಾ, ಮಾತಿಗೂ ಹರಾಜು ಹಾಕ್ಬೇಕಾ? ನಂದು ಒಂದು ರೂಪಾಯಿ." ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ.

ಆಗ ಹುಡುಗ ಬಂದ, ಹಿಂದೆಯೇ ಅತ್ತಿಗೆ ಕೂಡ. ಕಾಪಿ ಮುಗಿದಿದೆ ಅಂತ ಅವನು ಎರಡೂ ಡಿಸ್ಕು ಕಿತ್ತುಕೊಂಡ. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಅದು ಆರಿತ್ತು ಅನ್ನುವುದು ನಮಗೆ ಹೊಳೆದದ್ದೇ ಆಗ. ಮೂವರೂ ಪರದೆ ನೋಡುತ್ತಾ ನಿಂತೆವು, ಅಕ್ಷರ ಒಂದೊಂದಾಗಿ ಬಿತ್ತು.

"ಕಾಲು" ಅಂದಿತು ಯಂತ್ರ. ಸ್ವಲ್ಪ ತಡೆದು ಮತ್ತೆ, "ಕಾಲು."

ನಾನು ಹೊದಿಕೆ ಎಳೆದೆ. ಗಾಳಿಹಾಸಿಗೆ ಉಬ್ಬಿ ಇಳಿಯುವಾಗ ಟವೆಲು ಜಾರಿ ಪಕ್ಕಕ್ಕೆ ಹೋಗಿತ್ತು. ಬರೀ ಚೀಲದ ಮೇಲೆ ಅವನ ಹಿಮ್ಮಡಿ ಕೂತಿತ್ತು. ಚರ್ಮ ಬೆಂದು ಬಿಳಿಚಿಕೊಂಡು, ಬೊಬ್ಬೆ ಒಡೆದು, ಚೀಲಕ್ಕೆ ಅಂಟಿತ್ತು. ಹುಡುಗ ಆಂಬುಲೆನ್ಸಿಗೆ ಫೋನು ಹಚ್ಚಿದ.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ, "ಬಿಸಿ ತಾಗ್ತಿರೋದು ಇವರಿಗೆ ಗೊತ್ತಾಗ್ಲಿಲ್ವಾ?" ಅಂತ ಕೇಳಿದರು.

"ಅವನಿಗೆ ಗೊತ್ತಾಗಿದೆ ಡಾಕ್ಟ್ರೇ" ಅಂದೆ. "ನಮಗೆ ಗೊತ್ತಾಗ್ಲಿಲ್ಲ."

ಮನೆಗೆ ಕರೆತಂದ ಮೇಲೆ ಅತ್ತಿಗೆ ಅವನ ಮುಖದ ಕಡೆ ಬರಲೇ ಇಲ್ಲ, ಬ್ಯಾಂಡೇಜಿನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಳು. "ನನ್ನ ಮೇಲಿನ ಕೋಪಕ್ಕೆ ಮಾತು ಬಿಟ್ರಿ ಅಂದ್ಕೊಂಡೆ ಕಣ್ರೀ" ಅಂತ ಅದೊಂದನ್ನೇ ಹೇಳಿದಳು. ಅಣ್ಣನ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಹೋಯಿತು.

"ಕೋಪ ಅಲ್ಲ" ಅಂದಿತು ಆ ಬ್ಯಾಂಕಿನ ದನಿ. "ಕೂಗ್ತಾ ಇದ್ದೆ."

ಹುಡುಗ ಅವತ್ತೇ ಹೊಸ ಬೋರ್ಡು ತಂದು ಹಾಕಿದ, ಡ್ರಾಯರಿನ ಅಡಾಪ್ಟರು ಈಗ ಅದರಲ್ಲಿದೆ. ಜೇಡದ ಹತ್ತಿರ ಅವನು ಸುಳಿಯುವುದೂ ಇಲ್ಲ. ಗಾಯ ಇನ್ನೂ ಮಾಗುತ್ತಿಲ್ಲ. ಮಲಗಿದವರ ಕಾಲು, ಕಷ್ಟ ಅನ್ನುತ್ತಾರೆ ಡಾಕ್ಟರು. ಆದರೆ ಎಷ್ಟು ಕರೆಂಟು ಕೊಟ್ಟರೂ ಅಣ್ಣನಿಗೆ ಆ ವೈರಿನ ಮೇಲೆ ನಂಬಿಕೆ ಬರಲಿಲ್ಲ. ಆಗಾಗ ಸುಮ್ಮಸುಮ್ಮನೆ ಕಣ್ಣಿನಲ್ಲೇ ಒಂದು ಮಾತು ಬರೆಯುತ್ತಾನೆ. "ಇದ್ದೀನಿ" ಅನ್ನುತ್ತದೆ ಯಂತ್ರ. ಅದು ಕೇಳದಿದ್ದರೆ ಅತ್ತಿಗೆ ಸೌಟು ಬಿಸಾಕಿ ಓಡಿಬರುತ್ತಾಳೆ.

ಮೊನ್ನೆ ಮತ್ತೆ ಇಬ್ಬರಿಗೂ ಹತ್ತಿಕೊಂಡಿತು, ಅದೇ ಮೀಸೆಗೆ. "ನಿನ್ನ ಜೊತೆ ಮಾತಿಲ್ಲ" ಅಂದ ಅಣ್ಣ. ಹಳೇ ಗತ್ತು ಬಂತಲ್ಲ ಅಂತ ನನಗೆ ಒಳಗೊಳಗೇ ಖುಷಿ. ಅತ್ತಿಗೆಯೂ ಮೂತಿ ತಿರುವಿಕೊಂಡು ಅಡುಗೆಮನೆಗೆ ಹೋದಳು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಾಗಿರಬೇಕು.

"ಇದ್ದೀನಿ" ಅಂದಿತು ಕೋಣೆಯೊಳಗಿಂದ.

ಅತ್ತಿಗೆ ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆಯತೊಡಗಿದಳು. ಅವು ತೊಳೆದಿಟ್ಟಿದ್ದ ಪಾತ್ರೆಗಳೇ.