ಮೀನು ಹರಡಿದ ಜಾಗ

"ಆಂಟಿ, ಆ ಬುಟ್ಟಿ ದೂರ ಇಡಿ, ಸ್ಮೆಲ್ ಬರ್ತಿದೆ. ಸರ್ ಕೂರೋ ಸೋಫಾ ಅದು."

ಹೀಗೆಂದವಳು ಹರ್ಷಿಣಿ, ನಮ್ಮನ್ನು ವೇದಿಕೆ ಹತ್ತಿಸುವ ಕೆಲಸದ ಹುಡುಗಿ. ಹೆತ್ತವರು ನಮ್ಮ ಕಡೆಯವರೇ ಅಂತೆ, ಇವಳು ಹುಟ್ಟಿ ಬೆಳೆದದ್ದು ಇಲ್ಲೇ ದೆಹಲಿಯಲ್ಲಿ, ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಬುಟ್ಟಿಯಲ್ಲಿದ್ದ ಮೀನೋ, ಬಣ್ಣ ಬಳಿದ ಥರ್ಮಾಕೋಲಿನದು, ಫರೀದಾಬಾದಿನಲ್ಲಿ ಮಾಡಿಸಿ ತಂದದ್ದು. ಅದಕ್ಕೆಲ್ಲಿಯ ವಾಸನೆ? ಹಾಗಾದರೆ ವಾಸನೆ ನನ್ನದೇ ಇರಬೇಕೆಂದುಕೊಂಡು ಬುಟ್ಟಿಯನ್ನೂ ನನ್ನನ್ನೂ ಗೋಡೆಯ ಕಡೆಗೆ ಸರಿಸಿಕೊಂಡೆ.

ನಾವು ನಾಲ್ವರು, ಒಣಮೀನು ಮಾರುವ ಹೆಂಗಸರು. ನಮ್ಮೂರ ಮೀನುಗಾರಿಕೆ ಬಂದರನ್ನು ದೊಡ್ಡದು ಮಾಡಲು ದೆಹಲಿಯಿಂದ ಕೋಟಿಗಟ್ಟಲೆ ಹಣ ಮಂಜೂರಾಗಿತ್ತು. ಅದರ ಸಮಾರಂಭದಲ್ಲಿ ಫಲಾನುಭವಿಗಳೆಂದು ಧನ್ಯವಾದ ಹೇಳಲು ನಮ್ಮನ್ನು ವಿಮಾನ ಹತ್ತಿಸಿ ತಂದವನು ಕರುಣಾಕರ, ಬೋಟು ಮಾಲೀಕರ ಸಂಘದ ಅಧ್ಯಕ್ಷ. ಫಲ ಏನೆಂದರೆ, ನಾವು ಮೀನು ಒಣಗಿಸುವ ಮರಳಿನ ಮೇಲೆ ಕಾಂಕ್ರೀಟು ಹಾಕಿ ಲಾರಿ ನಿಲ್ಲಿಸುತ್ತಾರೆ. ಆ ಹೊಯ್ಗೆ ಹೋದರೆ ನಮ್ಮ ಒಲೆ ಉರಿಯುವುದಿಲ್ಲ.

ಅದಕ್ಕೇ ಜೆಸಿಬಿ ಬಂದಾಗಲೆಲ್ಲ ನಾವು ನಾಲ್ವರು ಮುಂದೆ ನಿಂತು ಅಲ್ಲಿ ಮೀನು ಹರಡಿಸುತ್ತಿದ್ದೆವು. ಹರಡಿದ ಮೀನಿನ ಮೇಲೆ ನಮ್ಮ ಕಡಲ ಮಂದಿ ಕಾಲಿಡುವುದಿಲ್ಲ. ಕುಡಿದು ತೂರಾಡುವವನೂ ಸುತ್ತು ಹಾಕಿಯೇ ಮನೆ ಸೇರುತ್ತಾನೆ. ಜೆಸಿಬಿಯ ಡ್ರೈವರನೂ ಪಕ್ಕದ ಕೇರಿಯವನೇ. ಮೀನು ಕಂಡೊಡನೆ ಇಂಜಿನ್ ಆಫ್ ಮಾಡಿ, ಬೀಡಿ ಸೇದಿ, ವಾಪಸು ಹೋಗುತ್ತಿದ್ದ.

ದೆಹಲಿಗೆ ಬನ್ನಿ, ಸಾಹೇಬರಿಗೆ ನೀವೇ ಬಾಯಿಬಿಟ್ಟು ಹೇಳಿ, ಅಲ್ಲಿಯವರೆಗೆ ಕೆಲಸ ನಿಲ್ಲಿಸಿರುತ್ತೇವೆ ಎಂದು ಕರುಣಾಕರ ಕೈಮುಗಿದ. ನಮ್ಮಲ್ಲಿ ಹಿರಿಯಳಾದ ಗಿರಿಜಮ್ಮನಿಗೆ ನಂಬಿಕೆ ಬರಲಿಲ್ಲ. ಜಾಗದ ತುಂಬ ಮೀನು ಹರಡಿಯೇ ಹೊರಡೋಣ, ಮತ್ತೆ ಯಾರು ಮುಟ್ಟುತ್ತಾರೆ ಎಂದು ನಾನೇ ಅವಳನ್ನು ಒಪ್ಪಿಸಿದ್ದೆ. ಕಾಗೆ ಓಡಿಸಲು ನನ್ನ ಮಗಳು ನಿಶ್ಮಿತಾಳನ್ನು ಕೂರಿಸಿ ಬಂದೆವು. ಇವತ್ತು ಬೆಳಗಿನಿಂದ ಅವಳು ಫೋನ್ ಎತ್ತುತ್ತಿರಲಿಲ್ಲ.

ಹರ್ಷಿಣಿ ನನಗೆ ಹಿಂದಿಯಲ್ಲಿ ಎರಡು ಸಾಲು ಬಾಯಿಪಾಠ ಮಾಡಿಸಿದಳು, ನಾವು ಬಹಳ ಖುಷಿಯಾಗಿದ್ದೇವೆ ಎಂದು. ಮರಳಿನ ವಿಷಯ ಯಾವಾಗ ಹೇಳುವುದು ಎಂದು ಕೇಳಿದೆ.

"ಅದಕ್ಕೆಲ್ಲ ಟೈಮ್ ನಹೀಂ ಹೈ ಆಂಟಿ. ಎರಡು ಲೈನ್ ಹೇಳಿ, ನಮಸ್ತೆ ಮಾಡಿ, ಬಸ್. ವೈಸೇ ಭೀ ನಿಮ್ಮೂರಲ್ಲಿ ಕೆಲಸ ಇವತ್ತೇ ಶುರು ಆಯ್ತಲ್ಲ. ಅದಕ್ಕೇ ಅಲ್ವಾ ಫಂಕ್ಷನ್ ಇವತ್ತು ಇಟ್ಟಿದ್ದು?"

ಅವಳಿಗೆ ಏನೂ ಗೊತ್ತಿರಲಿಲ್ಲ, ಪಾಪ. ಊರಿನ ಅಷ್ಟೊಂದು ಹೆಂಗಸರಲ್ಲಿ ನಮ್ಮ ನಾಲ್ವರನ್ನೇ ಯಾಕೆ ಆರಿಸಿದರು ಎಂಬುದು ಆಗ ತಲೆಗೆ ಹೋಯಿತು.

ಪಕ್ಕದಲ್ಲೇ ಕೇಳಿಸಿಕೊಂಡ ಗಿರಿಜಮ್ಮ ನೇರ ಹೋಗಿ ಕರುಣಾಕರನ ಕೋಟಿನ ತೋಳು ಹಿಡಿದಳು.

"ಎಂತದಾ ಮಾಡಿದಿ ನೀನು? ನಮ್ಮನ್ನು ಇಲ್ಲಿ ತಂದು ನಿಲ್ಸಿ ಅಲ್ಲಿ ಎಂತ ಮಾಡ್ಸ್ತಾ ಇದ್ದಿ?"

"ಮೆಲ್ಲ ಮಾತಾಡಿ ಗಿರಿಜಕ್ಕ, ದೊಡ್ಡವರು ಇದ್ದಾರೆ. ನಿಮ್ಗೆ ಬೇರೆ ಜಾಗ ಕೊಡಿಸ್ತೇನೆ."

"ನಿನ್ನ ಅಮ್ಮ ಅದೇ ಹೊಯ್ಗೆಯಲ್ಲಿ ಮೀನು ಒಣಗ್ಸಿ ನಿನ್ನ ಹೊಟ್ಟೆ ಹೊರೆದದ್ದು, ಬೇವರ್ಸಿ. ಈಗ ನಿಂಗೆ ಕೋಟು ಬಂತಾ?"

ಅವನು ಕಾವಲಿನವರಿಗೆ ಕಣ್ಸನ್ನೆ ಮಾಡಿದ. ಇಬ್ಬರು ಗಿರಿಜಮ್ಮನ ರಟ್ಟೆ ಹಿಡಿದು ಹೊರಗಿನ ಚಳಿಗೆ ದೂಡಿದರು. ಉಳಿದಿಬ್ಬರು ಹೆಂಗಸರು ಬೈಯುತ್ತ ಅವಳ ಹಿಂದೆ ಓಡಿದರು. ನಾನೂ ಹೊರಡುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಯಾರದೋ ನಂಬರು, ದನಿ ನಿಶ್ಮಿತಾಳದು.

"ಅಮ್ಮ, ನನ್ನ ಫೋನ್ ಪೊಲೀಸರು ಕಿತ್ಕೊಂಡ್ರು. ಇದು ಆಚೆಯಿಂದ ಒಬ್ರು ಎಸೆದು ಕೊಟ್ಟದ್ದು. ಜೆಸಿಬಿಗೆ ಡ್ರೈವರ್ ಬೇರೆ ಜನ, ಹೊರಗಿನವ. ನಮ್ಮ ಮಾತು ಅವನಿಗೆ ತಿಳಿಯೂದಿಲ್ಲ. ಮೀನಿನ ಮೇಲೇ ಹತ್ತಿಸ್ತಾ ಇದ್ದಾನೆ."

"ಉಳಿದವರು ಎಲ್ಲಿ?"

"ದಾರಿಯಲ್ಲೇ ಪೊಲೀಸರು, ಯಾರನ್ನೂ ಒಳಗೆ ಬಿಡ್ತಾ ಇಲ್ಲ. ನಾನೊಬ್ಳೇ ಇರೂದು. ನಾನು ಅದರ ಎದುರು ಕೂತ್ಕೊಳ್ತೇನೆ."

ಕೂರಬೇಡ ಎನ್ನಬೇಕಿತ್ತು. ಹೆತ್ತವಳ ಬಾಯಿಗೆ ಅದು ಬರಬೇಕಿತ್ತು. ಬರಲಿಲ್ಲ. ಫೋನ್ ಕಟ್ ಮಾಡಬೇಡ ಎಂದಷ್ಟೇ ಅಂದೆ.

ಆಗಲೇ ವೇದಿಕೆಯಿಂದ ನನ್ನ ಹೆಸರು ಕೂಗಿದರು. ಯಾರೋ ಬುಟ್ಟಿಯನ್ನು ನನ್ನ ತಲೆ ಮೇಲಿಟ್ಟು ಬೆನ್ನು ದೂಡಿದರು. ಮುಂದಿನ ಸಾಲಿನ ಸೋಫಾದಲ್ಲಿ ಸಾಹೇಬರು ಕಾಲ ಮೇಲೆ ಕಾಲು ಹಾಕಿ ನಗುತ್ತಿದ್ದರು, ಫೋಟೋದವರು ಸುತ್ತ ಮುತ್ತಿಕೊಂಡರು. "ಬೋಲಿಯೇ ಆಂಟಿ, ಹಮ್ ಬಹುತ್ ಖುಷ್ ಹೈಂ" ಎಂದು ಹರ್ಷಿಣಿ ಪಕ್ಕದಿಂದ ಪಿಸುಗುಟ್ಟಿದಳು.

ನಾನು ಬುಟ್ಟಿಯನ್ನು ಕೆಳಗೆ ಹಾಕಿದೆ. ಫೋನಿನ ಸ್ಪೀಕರ್ ಹಾಕಿ ಮೈಕಿಗೆ ಒತ್ತಿ ಹಿಡಿದೆ.

ಮೊದಲು ಬರೀ ಕಡಲ ಗಾಳಿ. ಸಭೆಯವರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಆಮೇಲೆ ಇಂಜಿನ್ ಬಂತು. ಸದ್ದು ಏರುತ್ತ ಏರುತ್ತ ಕುರ್ಚಿಗಳನ್ನೆಲ್ಲ ನಡುಗಿಸಿತು. ಅದರ ನಡುವೆ ನನ್ನ ಮಗಳು, ನಿಲ್ಸಿ, ನಿಲ್ಸಿ ಎಂದು ಅವನಿಗೆ ತಿಳಿಯದ ಭಾಷೆಯಲ್ಲಿ ಕೂಗುತ್ತಿದ್ದಳು. ಕರುಣಾಕರ ಮೆಟ್ಟಿಲು ಹತ್ತಿ ಬಂದು ನನ್ನ ಮಣಿಕಟ್ಟು ತಿರುವಿದ. ನಾನು ಅವನ ಕೈಯನ್ನು ಕಚ್ಚಿ ಹಿಡಿದೆ, ಬಾಯಲ್ಲಿ ರಕ್ತದ ರುಚಿ ಬರುವವರೆಗೂ ಬಿಡಲಿಲ್ಲ.

ಮಗಳ ದನಿ ನಿಂತಿತು. ಇಂಜಿನ್ ನಿಲ್ಲಲಿಲ್ಲ.